ಯಾರಿಗೆ ಯಾರ ಜೊತೆ ರೂಮು?

ಒಂದು ಸರ್ಕಾರಿ ವಸತಿ ವಿಶ್ವವಿದ್ಯಾಲಯದ ಧ್ಯೇಯ ಏನು ಅಂತ ತಿಳಿಯಬೇಕಾದರೆ ನಾನು ಮೊದಲು ನೋಡಬಯಸುವುದು ಅಲ್ಲಿನ ಹಾಸ್ಟೆಲ್ ರೂಮುಗಳ ಪಟ್ಟಿಯನ್ನು. ಧ್ಯೇಯಗಳ ಪುಟವನ್ನು ಆಮೇಲೆ ಓದುತ್ತೇನೆ. ಓದದೆ ಬಿಡುವುದಿಲ್ಲ, ಅದಕ್ಕೂ ಬೆಲೆ ಇದೆ. ಆದರೆ ಎಲ್ಲರಿಗೂ ಅವಕಾಶ, ವಿಚಾರ ಸ್ವಾತಂತ್ರ್ಯ, ಸಮಾಜಕ್ಕೆ ಸೇವೆ ಎಂಬ ಮಾತುಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಥರ ಇರುತ್ತವೆ. ರೂಮಿನ ಪಟ್ಟಿ ಹಾಗಲ್ಲ. ಯಾರಿಗೆ ರೂಮು ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಯಾರನ್ನು ಯಾರ ಜೊತೆ ಹಾಕಿದರು, ಯಾರು ಎಷ್ಟು ಹೊತ್ತಿಗೆ ಗೇಟಿನೊಳಗೆ ಇರಬೇಕು. ಇಷ್ಟು ಗೊತ್ತಾದರೆ ಆ ಸಂಸ್ಥೆ ನಿಜಕ್ಕೂ ಏನನ್ನು ನಂಬುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ನಾನು ಕೆಲವು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದೆ. ಪಾಠ ಮಾಡುವುದು ನನ್ನ ಕೆಲಸ, ವಾರ್ಡನ್ ಗಿರಿ ಅದರ ಮೇಲೆ ಬಂದು ಕೂತ ಹೊಣೆ. ಪ್ರವೇಶ ಮುಗಿದ ವಾರ ನನ್ನ ಮೇಜಿನ ತುಂಬ ಅರ್ಜಿಗಳಿರುತ್ತಿದ್ದವು. ಪ್ರತಿ ಅರ್ಜಿಯ ಕೊನೆಗೆ 'ವಿಶೇಷ ಕೋರಿಕೆ' ಅಂತ ಎರಡು ಗೆರೆಯಷ್ಟು ಖಾಲಿ ಜಾಗ. ಆ ಎರಡು ಗೆರೆಯಲ್ಲಿ ಜನ ಏನೇನು ಬರೆಯುತ್ತಾರೆ ಅಂತೀರಿ! 'ನಮ್ಮ ಕಡೆಯವರ ಜೊತೆ ಹಾಕಿ.' 'ನಮ್ಮ ಭಾಷೆ ಬರುವವರಿದ್ದರೆ ಒಳ್ಳೆಯದು.' 'ಅದೇ ವಿಭಾಗದವರು ಸಿಕ್ಕರೆ ಅನುಕೂಲ.' ಕೆಲವರು ಬರವಣಿಗೆಯಲ್ಲಿ ಹಾಕದೆ, ಆಫೀಸಿನ ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳುತ್ತಿದ್ದರು: 'ಮೇಡಂ, ನಮಗೆ ಹೊಂದುವವರ ಜೊತೆ ಕೊಡಿ.' ಹೊಂದುವವರು ಅಂದರೆ ಯಾರು ಅಂತ ಅವರೂ ಬಿಡಿಸಿ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಇಬ್ಬರಿಗೂ ಅರ್ಥವಾಗಿರುತ್ತಿತ್ತು.

ಇದರಲ್ಲಿ ಕೆಟ್ಟತನ ಕಡಿಮೆ, ಭಯ ಜಾಸ್ತಿ. ಮಗಳು ಮೊದಲ ಸಲ ಮನೆ ಬಿಟ್ಟು ಇರುತ್ತಾಳೆ. ರಾತ್ರಿ ಜ್ವರ ಬಂದರೆ ಪಕ್ಕದ ಮಂಚದಲ್ಲಿರುವವಳು ಎದ್ದು ನೋಡುತ್ತಾಳಾ? ಅಪ್ಪ ಅಮ್ಮನಿಗೆ ಇರುವ ಚಿಂತೆ ಇದು. ನನಗೆ ಅದು ಅರ್ಥವಾಗುತ್ತದೆ. ಆದರೆ ಒಬ್ಬೊಬ್ಬರ ಕೋರಿಕೆಯನ್ನೂ ಒಪ್ಪುತ್ತಾ ಹೋದರೆ ಕೊನೆಗೆ ಏನಾಗುತ್ತದೆ ಗೊತ್ತಾ? ಒಂದು ಮಹಡಿಯಲ್ಲಿ ಒಂದು ಭಾಷೆ, ಇನ್ನೊಂದರಲ್ಲಿ ಇನ್ನೊಂದು. ಈ ಸಾಲಿನಲ್ಲಿ ಒಂದು ಜಾತಿ, ಆ ಸಾಲಿನಲ್ಲಿ ಇನ್ನೊಂದು. ದುಡ್ಡಿದ್ದವರು ಸಿಂಗಲ್ ರೂಮಿನಲ್ಲಿ, ಇಲ್ಲದವರು ನಾಲ್ಕು ಮಂಚದ ರೂಮಿನಲ್ಲಿ. ಹೊರಗಿನ ಸಮಾಜವನ್ನೇ ಹಾಗೆಹಾಗೇ ಎತ್ತಿ ತಂದು ಕಟ್ಟಡದೊಳಗೆ ಇಟ್ಟ ಹಾಗೆ. ಯಾರೂ ತಪ್ಪು ಮಾಡಿರುವುದಿಲ್ಲ, ಯಾವ ನಿಯಮವೂ ಮುರಿದಿರುವುದಿಲ್ಲ. ಧ್ಯೇಯ ಮಾತ್ರ ಸದ್ದಿಲ್ಲದೆ ಸೋತಿರುತ್ತದೆ.

ಅದಕ್ಕೇ ನಾವು ಮೊದಲ ವರ್ಷದವರಿಗೆ ಚೀಟಿ ಎತ್ತುವ ಪದ್ಧತಿ ಇಟ್ಟುಕೊಂಡೆವು. ಆರೋಗ್ಯದ ತೊಂದರೆ ಇದ್ದವರಿಗೆ, ಗಾಲಿಕುರ್ಚಿ ಬಳಸುವವರಿಗೆ ನೆಲಮಹಡಿ. ಉಳಿದಂತೆ ಯಾರಿಗೆ ಯಾರು ಬಂದರೆ ಅವರು.

ಒಂದು ರೂಮಿನ ಕಥೆ ಹೇಳುತ್ತೇನೆ. ಒಬ್ಬಳಿಗೆ ರಾತ್ರಿ ಎರಡರವರೆಗೆ ಓದುವ ಅಭ್ಯಾಸ, ಇನ್ನೊಬ್ಬಳಿಗೆ ಬೆಳಗಿನ ಜಾವ ನಾಲ್ಕಕ್ಕೆ ಏಳುವ ಅಭ್ಯಾಸ. ಒಬ್ಬಳದು ಗಣಿತ, ಇನ್ನೊಬ್ಬಳದು ಇತಿಹಾಸ. ಮನೆಮಾತು ಬೇರೆ, ಮನೆಯ ಸ್ಥಿತಿಗತಿಯೂ ಬೇರೆ. ಎರಡನೇ ವಾರಕ್ಕೇ ಇಬ್ಬರೂ ಬೇರೆಬೇರೆಯಾಗಿ ಬಂದು ರೂಮು ಬದಲಿಸಿ ಅಂದರು. ಕಾರಣ ಲೈಟು. ಮೊದಲ ಸೆಮಿಸ್ಟರ್ ಮುಗಿಯಲಿ, ಆಮೇಲೆ ನೋಡೋಣ ಅಂದೆ. ಸ್ವಲ್ಪ ದಿನದ ಮೇಲೆ ರೌಂಡ್ಸಿಗೆ ಹೋದಾಗ ನೋಡಿದರೆ, ಟೇಬಲ್ ಲ್ಯಾಂಪಿಗೆ ನೋಟ್‌ಬುಕ್ಕಿನ ರಟ್ಟು ಬಾಗಿಸಿ ದಾರ ಕಟ್ಟಿದ್ದಾರೆ. ಬೆಳಕು ಮೇಜಿನ ಮೇಲಷ್ಟೇ ಬೀಳುತ್ತದೆ, ಮಂಚದ ಕಡೆ ಹೋಗುವುದಿಲ್ಲ. ಬೀರುವಿನ ಬಾಗಿಲ ಮೇಲೆ ಒಂದು ಹಾಳೆ. ಎರಡು ಬಣ್ಣದ ಇಂಕಿನಲ್ಲಿ ಇಬ್ಬರೂ ಸೇರಿ ಬರೆದ ಒಪ್ಪಂದ: ಪರೀಕ್ಷೆಯ ವಾರ ಯಾರು ಲೈಬ್ರರಿಗೆ ಹೋಗಬೇಕು, ಅಲಾರಾಂ ಎಷ್ಟು ಸಲ ಬಡಿಯಬಹುದು, ಫೋನಿನಲ್ಲಿ ಮಾತಾಡಬೇಕಾದರೆ ಎಲ್ಲಿ ನಿಂತು ಮಾತಾಡಬೇಕು. ಕೆಲವು ಸಾಲು ಹೊಡೆದುಹಾಕಿ ತಿದ್ದಿದ್ದರು. ಚೌಕಾಸಿ ನಡೆದಿತ್ತು ಅನ್ನುವುದು ನೋಡಿದರೇ ಗೊತ್ತಾಗುತ್ತಿತ್ತು.

ಅವರು ಆಮೇಲೆ ಪ್ರಾಣಸ್ನೇಹಿತೆಯರೇನೂ ಆಗಲಿಲ್ಲ. ಎರಡನೇ ವರ್ಷ ಬೇರೆಬೇರೆ ರೂಮು ತೆಗೆದುಕೊಂಡರು. ಆದರೂ ನನ್ನ ಮಟ್ಟಿಗೆ ಅಲ್ಲಿ ಕೆಲಸ ಆಗಿತ್ತು. ಎಲ್ಲರನ್ನೂ ಸ್ನೇಹಿತರನ್ನಾಗಿ ಮಾಡುವುದು ವಿಶ್ವವಿದ್ಯಾಲಯದ ಕೆಲಸವಲ್ಲ. ತಾನು ಆರಿಸಿಕೊಳ್ಳದ ಮನುಷ್ಯರ ಪಕ್ಕದಲ್ಲಿ, ಅವರ ನಿದ್ದೆಗೂ ಬೆಲೆ ಕೊಟ್ಟು ಬದುಕುವುದನ್ನು ಕಲಿಸಬೇಕು. ಪ್ರಜಾಪ್ರಭುತ್ವದಲ್ಲಿ ನಾವು ದಿನಾ ಮಾಡಬೇಕಾದ್ದು ಇದನ್ನೇ ಅಲ್ವಾ?

ರೂಮು ಹಂಚುವುದರ ಬಗ್ಗೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಮಾತು ತುಂಬ ಹಳೆಯದು. ಚೀನಾದಿಂದ ಬಂದ ಭಿಕ್ಷು ಇತ್ಸಿಂಗ್ 7ನೇ ಶತಮಾನದ ಕೊನೆಯ ಭಾಗದಲ್ಲಿ ನಳಂದದಲ್ಲಿ ಸುಮಾರು ಹತ್ತು ವರ್ಷ ಇದ್ದ. ಅಲ್ಲಿ ದಿನ ಹೇಗೆ ಸಾಗುತ್ತದೆ, ಸ್ನಾನಕ್ಕೆ ಗಂಟೆ ಯಾವಾಗ ಬಾರಿಸುತ್ತಾರೆ, ನೀರಿನ ಗಡಿಯಾರದಲ್ಲಿ ಹೊತ್ತು ಹೇಗೆ ಅಳೆಯುತ್ತಾರೆ ಅಂತ ಎಲ್ಲವನ್ನೂ ಬರೆದಿಟ್ಟಿದ್ದಾನೆ. ರೂಮಿನ ವಿಷಯವೂ ಅದರಲ್ಲಿದೆ. ಮಳೆಗಾಲದ ವಾಸ ಶುರುವಾಗುವ ಮೊದಲು ಕೋಣೆಗಳನ್ನು ಹಂಚುತ್ತಿದ್ದರು. ಹಿರಿಯರಿಗೆ ಒಳ್ಳೆಯವು, ಆಮೇಲೆ ಕ್ರಮವಾಗಿ ಉಳಿದವರಿಗೆ. ನಳಂದದಲ್ಲಿ ಇಡೀ ಸಂಘ ಸೇರಿ ಪ್ರತಿ ವರ್ಷ ಹೊಸದಾಗಿ ಹಂಚುತ್ತಿತ್ತು. ಇದರಿಂದ ಎರಡು ಲಾಭ ಅನ್ನುತ್ತಾನೆ ಇತ್ಸಿಂಗ್: ಒಂದು, 'ನನ್ನದು' ಅನ್ನುವ ಭಾವ ಹೋಗುತ್ತದೆ, ಇನ್ನೊಂದು, ಕೋಣೆಗಳನ್ನು ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಹಿರಿಯರಿಗೆ ಮೊದಲು ಅನ್ನುವುದನ್ನು ಇವತ್ತು ನಾವು ಒಪ್ಪಬೇಕಿಲ್ಲ. ಆದರೆ ವರ್ಷ ವರ್ಷವೂ ಮತ್ತೆ ಹಂಚಬೇಕು, ಎಲ್ಲರೂ ಕೂತು ಹಂಚಬೇಕು ಅನ್ನುವುದಿದೆಯಲ್ಲ, ಅದು ಆಡಳಿತದ ಅನುಕೂಲಕ್ಕೆ ಮಾಡಿದ್ದಲ್ಲ. ಅದೊಂದು ಪಾಠ.

ನಳಂದದ ಖರ್ಚು ಯಾರು ನೋಡಿಕೊಳ್ಳುತ್ತಿದ್ದರು? ಇತ್ಸಿಂಗನಿಗಿಂತ ಮುಂಚೆ ಬಂದಿದ್ದ ಹ್ಯೂಯೆನ್ ತ್ಸಾಂಗನ ಜೀವನಚರಿತ್ರೆಯಲ್ಲಿ ಇದರ ಲೆಕ್ಕ ಇದೆ. ರಾಜ ಸುಮಾರು 100 ಹಳ್ಳಿಗಳ ಆದಾಯ ಬಿಟ್ಟುಕೊಟ್ಟಿದ್ದ. ಆ ಹಳ್ಳಿಗಳ 200 ಮನೆಗಳಿಂದ ದಿನಾ ಅಕ್ಕಿ, ಬೆಣ್ಣೆ, ಹಾಲು ಬರುತ್ತಿತ್ತು. ಹಾಗಾಗಿ ಅಲ್ಲಿ ಓದುವವರು ಊಟ ಬಟ್ಟೆಗೆ ಯಾರ ಮುಂದೆಯೂ ಕೈ ಚಾಚಬೇಕಿರಲಿಲ್ಲ. ಅವರ ವಿದ್ಯೆ ಅಷ್ಟು ಬೆಳೆದದ್ದು ಅದರಿಂದಲೇ ಅನ್ನುತ್ತದೆ ಆ ಬರಹ. ಅದೇ ಹ್ಯೂಯೆನ್ ತ್ಸಾಂಗ್ ಬಾಗಿಲ ಬಳಿಯ ಪರೀಕ್ಷೆಯ ಬಗ್ಗೆಯೂ ಹೇಳುತ್ತಾನೆ. ಹೊರಗಿನಿಂದ ಬಂದವರನ್ನು ದ್ವಾರಪಾಲಕ ಕಷ್ಟದ ಪ್ರಶ್ನೆ ಕೇಳುತ್ತಿದ್ದ. ಹತ್ತರಲ್ಲಿ ಏಳೆಂಟು ಮಂದಿ ವಾಪಸ್ ಹೋಗುತ್ತಿದ್ದರು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಒಂದು ಪ್ರಶ್ನೆ ಏಳುತ್ತದೆ. ದಿನಾ ಅಕ್ಕಿ ಹಾಲು ಕಳಿಸುತ್ತಿದ್ದ ಆ ಮನೆಗಳ ಮಕ್ಕಳಿಗೆ ಆ ಬಾಗಿಲಲ್ಲಿ ಏನು ಉತ್ತರ ಸಿಗುತ್ತಿತ್ತು? ಜನರ ದುಡ್ಡಿನಲ್ಲಿ ನಡೆಯುವ ಯಾವ ವಿಶ್ವವಿದ್ಯಾಲಯವೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ತೆರಿಗೆ ಕಟ್ಟುವವರು ಎಲ್ಲರೂ. ಒಳಗೆ ಬರುವವರು ಕೆಲವರು. ಆ ಕೆಲವರು ಯಾರು ಅನ್ನುವುದಕ್ಕೆ ಸಂಸ್ಥೆ ಲೆಕ್ಕ ಕೊಡಬೇಕು.

ಇತಿಹಾಸ ನೋಡಿದರೆ ಒಂದು ಬೇಸರದ ಸಂಗತಿ ಕಾಣುತ್ತದೆ. ಒಟ್ಟಿಗೆ ಇದ್ದು ಓದುವ ವ್ಯವಸ್ಥೆ ಮತ್ತು ಎಲ್ಲರಿಗೂ ತೆರೆದ ಬಾಗಿಲು, ಇವೆರಡೂ ಬಹಳ ಕಾಲ ಒಟ್ಟಿಗೆ ಬರಲೇ ಇಲ್ಲ. ಆಕ್ಸ್‌ಫರ್ಡಿನ ಮರ್ಟನ್ ಕಾಲೇಜು ಶುರುವಾಗಿದ್ದು 1264ರಲ್ಲಿ. ಗುರುಗಳು, ಶಿಷ್ಯರು ಒಂದೇ ಅಂಗಳದ ಸುತ್ತ ಇರುವ ಮಾದರಿ ಅಲ್ಲಿಂದ ಬೆಳೆಯಿತು. ಆದರೆ ಇಂಗ್ಲೆಂಡಿನ ಚರ್ಚಿಗೆ ಸೇರದವರಿಗೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಇದ್ದ ಅಡ್ಡಿಗಳು ಬಹುಪಾಲು ಹೋಗಿದ್ದು 1871ರ ಕಾನೂನು ಬಂದ ಮೇಲೆ. ಹೆಂಗಸರಿಗೆ ಆಕ್ಸ್‌ಫರ್ಡ್ ಪದವಿ ಕೊಟ್ಟಿದ್ದು 1920ರಲ್ಲಿ, ಕೇಂಬ್ರಿಡ್ಜ್ 1948ರಲ್ಲಿ. ಯಾವ ಧರ್ಮದವರಾದರೂ ಬನ್ನಿ ಅಂತ 1826ರಲ್ಲೇ ಸ್ಥಾಪನೆಯಾದ ಲಂಡನ್ನಿನ ಸಂಸ್ಥೆಯಲ್ಲಿ (ಈಗಿನ ಯೂನಿವರ್ಸಿಟಿ ಕಾಲೇಜ್ ಲಂಡನ್) ವಸತಿ ಇರಲಿಲ್ಲ. ಪಾಠ ಕೇಳಿ ಮನೆಗೆ ಹೋಗಬೇಕು. ಜೊತೆಗೆ ಬಾಳುವ ಜಾಗದಲ್ಲಿ ಬಾಗಿಲು ಕಿರಿದು. ಬಾಗಿಲು ಅಗಲವಿದ್ದ ಕಡೆ ಜೊತೆಗೆ ಬಾಳುವುದಿಲ್ಲ.

ಭಾರತಕ್ಕೆ 1857ರಲ್ಲಿ ಬಂದಿದ್ದು ಲಂಡನ್ ಮಾದರಿ. ಕಲ್ಕತ್ತ, ಬೊಂಬಾಯಿ, ಮದ್ರಾಸ್ ವಿಶ್ವವಿದ್ಯಾಲಯಗಳು ಮೊದಲಿಗೆ ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದವು, ಪಾಠ ಕಾಲೇಜುಗಳಲ್ಲಿ. ಇದು ಸಾಲದು ಅಂತ ಗಟ್ಟಿಯಾಗಿ ಹೇಳಿದ್ದು ಮೈಕೇಲ್ ಸ್ಯಾಡ್ಲರ್ ಅಧ್ಯಕ್ಷತೆಯ ಆಯೋಗ. 1917ರಲ್ಲಿ ನೇಮಕವಾಗಿ 1919ರಲ್ಲಿ ವರದಿ ಕೊಟ್ಟಿತು. ಪಾಠವೂ ವಾಸವೂ ಒಂದೇ ಕಡೆ ಇರುವ ವಿಶ್ವವಿದ್ಯಾಲಯ ಬೇಕು ಅಂದಿತು. ಅದರ ಫಲವಾಗಿ 1921ರಲ್ಲಿ ಢಾಕಾ ವಿಶ್ವವಿದ್ಯಾಲಯ ಶುರುವಾಯಿತು. ಅಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಹಾಲ್‌ಗೆ, ಅಂದರೆ ವಸತಿ ನಿಲಯಕ್ಕೆ, ಸೇರಿರಬೇಕು. ಸುಂದರ ವ್ಯವಸ್ಥೆಯೇ. ಆದರೆ ಆ ಹಾಲ್‌ಗಳು ಹೆಚ್ಚಾಗಿ ಧರ್ಮದ ಮೇಲೆ ಭಾಗವಾಗಿದ್ದವು. ಮುಸ್ಲಿಂ ಹಾಲ್ ಒಂದು, ಹಿಂದೂ ವಿದ್ಯಾರ್ಥಿಗಳಿಗೆ ಜಗನ್ನಾಥ ಹಾಲ್ ಇನ್ನೊಂದು. ಆ ಕಾಲದ ಒತ್ತಡಗಳು ಅಂಥವು, ನಿಜ. ಆದರೂ ಕ್ಲಾಸಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ಊಟಕ್ಕೆ, ನಿದ್ದೆಗೆ ಬೇರೆಬೇರೆ ಕಟ್ಟಡಕ್ಕೆ ಹೋಗುವುದನ್ನು ನೆನೆದರೆ ಕಸಿವಿಸಿಯಾಗುತ್ತದೆ.

ಇನ್ನೂ ಕಠಿಣವಾದ ಉದಾಹರಣೆ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯ. ಥಾಮಸ್ ಜೆಫರ್ಸನ್ ಅದಕ್ಕೆ ನಕ್ಷೆ ಬರೆದ. 1819ರಲ್ಲಿ ಸ್ಥಾಪನೆ, 1825ರಲ್ಲಿ ಪಾಠ ಶುರು. ಮಧ್ಯೆ ಉದ್ದದ ಹುಲ್ಲಿನ ಅಂಗಳ. ಅದರ ಎರಡೂ ಬದಿಗೆ ಅಧ್ಯಾಪಕರ ಮನೆಗಳು, ಮನೆ ಮನೆಯ ನಡುವೆ ವಿದ್ಯಾರ್ಥಿಗಳ ಕೋಣೆಗಳು. ತಲೆಯ ಕಡೆ, ಚರ್ಚ್ ಇರಬೇಕಾದ ಜಾಗದಲ್ಲಿ, ಲೈಬ್ರರಿ. ಗುರುವಿನ ಬಾಗಿಲು ದಾಟದೆ ವಿದ್ಯಾರ್ಥಿ ಎಲ್ಲಿಗೂ ಹೋಗುವಂತಿಲ್ಲ. ಧ್ಯೇಯವನ್ನು ಗೋಡೆಯ ಮೇಲೆ ಬರೆಯುವ ಬದಲು ಗೋಡೆಯನ್ನೇ ಧ್ಯೇಯದಂತೆ ಕಟ್ಟಿದ ನಕ್ಷೆ ಅದು. ನನಗೆ ಈಗಲೂ ಅದರ ಮೇಲೆ ಪ್ರೀತಿ ಇದೆ. ಆದರೆ ಆ ಇಟ್ಟಿಗೆ ಹೊತ್ತವರು, ಆ ಕೋಣೆ ಗುಡಿಸಿದವರು, ನೀರು ತಂದವರು ಗುಲಾಮಗಿರಿಯಲ್ಲಿದ್ದ ಕಪ್ಪು ಜನ. ಅವರೂ ಆ ಆವರಣದಲ್ಲೇ ಬದುಕುತ್ತಿದ್ದರು. ಮೊದಲ ಕಪ್ಪು ವಿದ್ಯಾರ್ಥಿ ಅಲ್ಲಿ ಪ್ರವೇಶ ಪಡೆದದ್ದು 1950ರಲ್ಲಿ, ಅದೂ ಕೋರ್ಟಿಗೆ ಹೋಗಿ ಗೆದ್ದ ಮೇಲೆ. ದುಡಿದವರ ನೆನಪಿಗೆ ಕ್ಯಾಂಪಸ್ಸಿನಲ್ಲಿ ಸ್ಮಾರಕ ಎದ್ದಿದ್ದು 2020ರಲ್ಲಿ. ನಕ್ಷೆ ಎಷ್ಟೇ ಚೆನ್ನಾಗಿರಲಿ, ಯಾರು ಮಂಚದ ಮೇಲೆ ಮಲಗುತ್ತಾರೆ, ಯಾರು ನೆಲ ಒರೆಸುತ್ತಾರೆ ಅನ್ನುವುದರಲ್ಲಿ ಅದರ ಅರ್ಥ ತೀರ್ಮಾನವಾಗುತ್ತದೆ.

ಸರಿ, ಎಲ್ಲರನ್ನೂ ಒಳಗೆ ಬಿಟ್ಟೆವು, ಚೀಟಿ ಎತ್ತಿ ರೂಮು ಕೊಟ್ಟೆವು. ಅಷ್ಟಕ್ಕೇ ಮನಸ್ಸು ಬದಲಾಗುತ್ತದಾ? ಸುಮ್ನೆ ಆಗುವುದಿಲ್ಲ. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಗ್ಗೆ 2005ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬೇರೆ ಜನಾಂಗದ ರೂಮ್‌ಮೇಟ್ ಜೊತೆ ಇದ್ದವರನ್ನು ಕೆಲವು ವರ್ಷ ಗಮನಿಸಿದ್ದರು. ಒಟ್ಟಾರೆ ಪೂರ್ವಗ್ರಹ ಕಡಿಮೆಯಾಗಿತ್ತು. ಆದರೆ ಏಷ್ಯಾ ಮೂಲದ ರೂಮ್‌ಮೇಟ್ ಇದ್ದವರ ವಿಷಯದಲ್ಲಿ ಉಲ್ಟಾ, ಅವರ ಪೂರ್ವಗ್ರಹ ಜಾಸ್ತಿಯಾಗಿತ್ತು. ನನ್ನ ಥರ ಚೀಟಿ ಎತ್ತುವ ಪದ್ಧತಿಯನ್ನು ನಂಬಿದವರು ಈ ಎರಡನೇ ಭಾಗವನ್ನು ಬಿಟ್ಟು ಓದಬಾರದು. ಮನಃಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದ: ಬೇರೆಬೇರೆ ಗುಂಪಿನವರು ಹತ್ತಿರ ಬಂದರೆ ಸಾಲದು, ಇಬ್ಬರಿಗೂ ಸರಿಸಮನಾದ ಸ್ಥಾನ ಇರಬೇಕು, ಗುರಿ ಒಂದೇ ಆಗಿರಬೇಕು, ಸೇರಿ ಮಾಡುವ ಕೆಲಸ ಇರಬೇಕು, ಮೇಲಿನವರ ಬೆಂಬಲ ಎದ್ದು ಕಾಣಬೇಕು.

ಆ ಕೊನೆಯ ಷರತ್ತಿನಲ್ಲೇ ಧ್ಯೇಯಗಳ ಪುಟಕ್ಕೆ ಕೆಲಸ ಇರುವುದು. ಒಬ್ಬ ಹುಡುಗಿ ರೂಮ್‌ಮೇಟಿನ ಜಾತಿಯನ್ನು ಹೀಯಾಳಿಸಿದಾಗ ವಾರ್ಡನ್ 'ನೀವು ನೀವೇ ಸರಿಮಾಡಿಕೊಳ್ಳಿ' ಅಂದರೆ, ಸಂಸ್ಥೆ ಒಂದು ಪಕ್ಷ ವಹಿಸಿತು ಅಂತಲೇ ಲೆಕ್ಕ. ಲೈಟಿನ ಜಗಳ ಅವರು ಬಗೆಹರಿಸಿಕೊಳ್ಳಲಿ. ಅವಮಾನ ಅವರವರ ಜಗಳವಲ್ಲ. ಅಲ್ಲಿ ನಡುವೆ ಬಂದು ನಿಲ್ಲುವ ಧೈರ್ಯ ಕೊಡುವುದು ಆ ಪುಟ. 'ನಮ್ಮ ವಿಶ್ವವಿದ್ಯಾಲಯ ಇದನ್ನು ಒಪ್ಪುವುದಿಲ್ಲ' ಅಂತ ಹೇಳಲು ನನಗೆ ಆ ವಾಕ್ಯ ಬೇಕು. ರ‍್ಯಾಗಿಂಗ್ ವಿಷಯದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ನಡೆಯಿತು. ಹುಡುಗಾಟ ಅಂತ ತಳ್ಳಿಹಾಕುತ್ತಿದ್ದದ್ದನ್ನು, ಸುಪ್ರೀಂ ಕೋರ್ಟ್ ಹಿಂದೆ ಬಿದ್ದ ಮೇಲೆ, ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ನಿಯಮ ಮಾಡಿ ಶಿಕ್ಷೆಗೆ ತಂದಿತು. ರ‍್ಯಾಗಿಂಗ್ ಪೂರ್ತಿ ನಿಂತಿಲ್ಲ. ಆದರೆ ದೂರು ಕೊಡಲು ಬಂದ ಹುಡುಗಿಯ ಕೈಗೆ ಈಗ ಒಂದು ಆಧಾರ ಇದೆ.

ಸ್ವಾತಂತ್ರ್ಯದ ಮಾತಿಗೂ ಹೀಗೇ. ಅದು ಪರೀಕ್ಷೆಗೆ ಒಳಗಾಗುವುದು ರಾತ್ರಿ, ಗೇಟಿನ ಹತ್ತಿರ. ಲೈಬ್ರರಿ ಮಧ್ಯರಾತ್ರಿವರೆಗೆ ತೆರೆದಿದೆ, ಹುಡುಗರಿಗೆ ಹೊತ್ತಿನ ಮಿತಿ ಇಲ್ಲ, ಹುಡುಗಿಯರು ಮಾತ್ರ ಎಂಟಕ್ಕೇ ಒಳಗಿರಬೇಕು ಅಂದರೆ ಆ ಲೈಬ್ರರಿ ಯಾರದು? 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು 'ಪಿಂಜ್ರಾ ತೋಡ್' (ಪಂಜರ ಮುರಿ) ಅಂತ ಚಳವಳಿ ಶುರು ಮಾಡಿದ್ದು ಇದೇ ಪ್ರಶ್ನೆ ಇಟ್ಟುಕೊಂಡು. ಸುರಕ್ಷತೆಯ ನೆಪ ಹೇಳಿ ಹಾಸ್ಟೆಲಿನಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಬೇರೆ ನಿಯಮ ಹೇರಬಾರದು ಅಂತ ಯುಜಿಸಿಯ 2015ರ ನಿಯಮಾವಳಿಯಲ್ಲಿ ಸ್ಪಷ್ಟವಾಗಿಯೇ ಇದೆ. ಆದರೂ ಹುಡುಗಿಯರ ಗೇಟು ಬೇಗ ಮುಚ್ಚುವ ಹಾಸ್ಟೆಲ್‌ಗಳು ಇನ್ನೂ ಇವೆ. ವಾರ್ಡನ್ ಆಗಿದ್ದವಳಾಗಿ ನನಗೆ ಆ ಭಯ ಗೊತ್ತು. ಒಂದು ಹುಡುಗಿ ಬಾರದಿದ್ದರೆ ನಿದ್ದೆ ಹತ್ತುವುದಿಲ್ಲ. ಆದರೆ ಅದಕ್ಕೆ ಪರಿಹಾರ ಬೀಗ ಅಲ್ಲ. ಲೈಬ್ರರಿಯಿಂದ ಹಾಸ್ಟೆಲಿನ ತನಕ ದಾರಿದೀಪ, ರಾತ್ರಿ ಓಡಾಡುವ ಬಸ್ಸು, ಫೋನ್ ಎತ್ತುವ ಸೆಕ್ಯುರಿಟಿ. ಇವಕ್ಕೆ ದುಡ್ಡು ಬೇಕು. ಬೀಗ ಅಗ್ಗ, ಅದಕ್ಕೇ ಎಲ್ಲರಿಗೂ ಅದರ ಮೇಲೆ ಕಣ್ಣು.

ದುಡ್ಡಿನ ಮಾತು ಬಂತು. ಹಾಸ್ಟೆಲ್ ಅಂದರೆ ಓದಿಗೆ ಸೇರಿದ ಹೆಚ್ಚುವರಿ ಸೌಕರ್ಯ, ಅದರ ಖರ್ಚು ಬಳಸುವವರೇ ಕೊಡಲಿ ಅನ್ನುವ ವಾದ ಆಗಾಗ ಕೇಳುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಹಾಸ್ಟೆಲ್‌ಗಳು ಖಾಲಿಯಾದಾಗ ಇದು ಎಲ್ಲರ ಕಣ್ಣಿಗೂ ಬಿತ್ತು. ಪಾಠ ಆನ್‌ಲೈನ್ ನಡೆಯಿತು. ಆದರೆ ಒಂದೇ ಕೋಣೆಯ ಮನೆಗೆ ವಾಪಸ್ ಹೋದವಳಿಗೆ, ಫೋನ್ ಒಂದೇ ಇದ್ದ ಮನೆಯವಳಿಗೆ, ಹೋದ ದಿನದಿಂದಲೇ ಮದುವೆಯ ಮಾತು ಶುರುವಾದವಳಿಗೆ ಪಾಠ ಸಿಗಲಿಲ್ಲ. ಅವರಿಗೆ ಹಾಸ್ಟೆಲಿನ ಆ ಮಂಚ, ಆ ಮೇಜು, ಆ ದೀಪವೇ ವಿಶ್ವವಿದ್ಯಾಲಯ ಆಗಿತ್ತು. ರೂಮಿನ ಬಾಡಿಗೆ, ಮೆಸ್ ಬಿಲ್ಲು ಏರಿಸುತ್ತಾ ಹೋದರೆ ಪ್ರವೇಶ ಪಟ್ಟಿಯಲ್ಲಿ ಹೆಸರು ಬಂದವರಲ್ಲೂ ಕೆಲವರು ಬರುವುದನ್ನೇ ಬಿಡುತ್ತಾರೆ. ಅವರು ಬಿಟ್ಟದ್ದು ಎಲ್ಲೂ ದಾಖಲಾಗುವುದೂ ಇಲ್ಲ.

ಮೆಸ್ಸಿನಲ್ಲಿ ಅಡುಗೆ ಮಾಡುವವರು, ಕಾರಿಡಾರ್ ಗುಡಿಸುವವರು, ರಾತ್ರಿ ಕಾವಲಿರುವವರು ಈ ಸಮುದಾಯದಲ್ಲಿ ಇದ್ದಾರೋ ಇಲ್ಲವೋ? ಅವರಲ್ಲಿ ಬಹಳ ಮಂದಿ ಈಗ ಗುತ್ತಿಗೆಯವರು. ನಾನಿದ್ದ ಹಾಸ್ಟೆಲಿನಲ್ಲಿ ಕೆಲವು ಹುಡುಗಿಯರು ಸೇರಿ ಮೆಸ್ ಕೆಲಸದವರ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುತ್ತಿದ್ದರು, ಊಟದ ಹಾಲಿನ ಮೂಲೆಯ ಟೇಬಲ್ಲಿನಲ್ಲಿ. ಅದು ಅವರ ಒಳ್ಳೆಯ ಮನಸ್ಸು. ಆದರೆ ಆ ಮಕ್ಕಳಿಗೆ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೂರಲು ಒಂದು ಕಾರ್ಡ್ ಕೊಡುವುದು ಹುಡುಗಿಯರ ಕೈಯಲ್ಲಿರಲಿಲ್ಲ. ಅದು ಸಂಸ್ಥೆ ಮಾಡಬೇಕಾದ ಕೆಲಸ. ಸಮಾಜಕ್ಕೆ ಸೇವೆ ಅನ್ನುವುದನ್ನು ದೂರದ ಹಳ್ಳಿಯ ಶಿಬಿರದಿಂದಲೇ ಶುರು ಮಾಡಬೇಕಾಗಿಲ್ಲ, ಮೆಸ್ಸಿನ ಹಿಂಬಾಗಿಲಿನಿಂದ ಶುರು ಮಾಡಬಹುದು.

ಈಗ ಕೊನೆಯ ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ವಸತಿ ವಿಶ್ವವಿದ್ಯಾಲಯ ಅಂತ ಹೆಸರಿದ್ದರೂ ಬಹಳ ಕಡೆ ಎಲ್ಲರಿಗೂ ಸಾಕಾಗುವಷ್ಟು ರೂಮಿಲ್ಲ. ಕಡಿಮೆ ಇದ್ದಾಗ ಯಾರಿಗೆ ಮೊದಲು? ಸುಲಭದ ಉತ್ತರ ಅಂಕ. ಜಾಸ್ತಿ ಅಂಕ ಬಂದವರಿಗೆ ಮೊದಲ ರೂಮು. ಕಂಪ್ಯೂಟರ್ ಒಂದು ನಿಮಿಷದಲ್ಲಿ ಪಟ್ಟಿ ಕೊಡುತ್ತದೆ, ಯಾರೂ ಜಗಳ ತೆಗೆಯುವುದಿಲ್ಲ. ಆದರೆ ಪ್ರವೇಶಕ್ಕೆ ಅಂಕ ಒಮ್ಮೆ ನೋಡಿ ಆಗಿದೆ. ಮಂಚಕ್ಕೂ ಅದನ್ನೇ ನೋಡಿದರೆ ಮೊದಲೇ ಮುಂದಿದ್ದವರಿಗೆ ಇನ್ನೊಂದು ಮೆಟ್ಟಿಲು ಕೊಟ್ಟಂತೆ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಹಿಂದುಳಿದ ಜಿಲ್ಲೆಗಳಿಂದ ಬಂದವರಿಗೆ ಪ್ರವೇಶದಲ್ಲಿ ಹೆಚ್ಚುವರಿ ಅಂಕ ಸೇರಿಸುವ ಪದ್ಧತಿಯನ್ನು ಬಹಳ ಕಾಲ ನಡೆಸಿತು. ಅಂಥದ್ದೊಂದು ಲೆಕ್ಕ ರೂಮಿಗೆ ಇನ್ನೂ ಹೆಚ್ಚು ಬೇಕು. ಮನೆ ಎಷ್ಟು ದೂರ, ಮನೆಯಲ್ಲಿ ಓದಲು ಜಾಗ ಇದೆಯಾ, ಹೊರಗೆ ಬಾಡಿಗೆ ಕೊಡುವ ಶಕ್ತಿ ಇದೆಯಾ, ಇವಳ ಹೆಸರು ಜಾತಿ ಕೇಳಿ ಹೊರಗಿನವರು ಮನೆ ಕೊಡುತ್ತಾರಾ? ಇವನ್ನು ಅಳೆಯುವುದು ಕಷ್ಟ. ತಕರಾರು ಬರುತ್ತದೆ, ಸುಳ್ಳು ಸರ್ಟಿಫಿಕೇಟ್ ಬರುತ್ತದೆ, ಕಮಿಟಿ ಕೂತು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಆದರೂ ಇದನ್ನು ಬರೆದು, ಪ್ರವೇಶ ಶುರುವಾಗುವ ಮೊದಲೇ, ಧ್ಯೇಯಗಳನ್ನು ಅಚ್ಚು ಹಾಕುವ ಪುಸ್ತಿಕೆಯಲ್ಲೇ ಹಾಕಬೇಕು. ಸೀಟು ಇಷ್ಟು, ರೂಮು ಇಷ್ಟು, ಕಡಿಮೆ ಬಿದ್ದರೆ ಮೊದಲು ಇವರಿಗೆ, ಸಿಗದವರು ಇಂಥ ಕಡೆ ಮೇಲ್ಮನವಿ ಕೊಡಬಹುದು. ಪಟ್ಟಿ ತಯಾರಿಸುವ ಕಮಿಟಿಯಲ್ಲಿ ವಿದ್ಯಾರ್ಥಿಗಳೂ ಇರಲಿ, ಪಟ್ಟಿ ವರ್ಷ ವರ್ಷವೂ ಹೊಸದಾಗಲಿ.